ತಂತಿ ಕಡಿದಾಗ: ಗದಗ ಸೀಮೆಯಲ್ಲಿ ಸಂಪರ್ಕಭಂಗ ಮತ್ತು ಸಾರ್ವಜನಿಕ ಅಸಮಾಧಾನ

೧. ವಿಷಯದ ವ್ಯಾಪ್ತಿ

ಯಾವ ಊರಿಗೆ ಅಂಚೆಯ ಮನೆ ಎಂದು ಬಂದಿತು, ತಂತಿ ಎಂದು ತಲುಪಿತು, ದೂರವಾಣಿ ಎಂದು ಕೂಡಿಸಲ್ಪಟ್ಟಿತು ಎಂಬ ಸಂಗತಿಗಳನ್ನು ನಮ್ಮ ಜಿಲ್ಲಾ ಗ್ಯಾಝೆಟಿಯರುಗಳು ತಕ್ಕಮಟ್ಟಿಗೆ ತಿಳಿಸುತ್ತವೆ. ಆದರೆ ಇವು ನಿಂತುಹೋದ ದಿನಗಳಲ್ಲಿ ಜನರ ಪಾಡೇನಾಯಿತು, ಅವರು ಯಾರ ಮೇಲೆ ಸಿಟ್ಟಾದರು, ಯಾರ ಬಾಗಿಲಿಗೆ ಹೋಗಿ ದೂರಿದರು ಎಂಬುದಕ್ಕೆ ಇತಿಹಾಸದ ಪುಟಗಳಲ್ಲಿ ದೊರೆತಿರುವ ಸ್ಥಳ ಸ್ವಲ್ಪವೇ. ಸೌಕರ್ಯದ ಬೆಲೆ ತಿಳಿಯುವುದು ಅದು ಇಲ್ಲವಾದಾಗ. ಆದಕಾರಣ ಸಂಪರ್ಕಸಾಧನಗಳ ಚರಿತ್ರೆಯನ್ನು ಅವುಗಳ ಸ್ಥಾಪನೆಯ ಕಡೆಯಿಂದ ನೋಡುವಂತೆಯೇ ಅವುಗಳ ಭಂಗದ ಕಡೆಯಿಂದಲೂ ನೋಡುವುದು ಅಗತ್ಯವಾಗಿದೆ. ಅಂಥದೊಂದು ಪ್ರಯತ್ನವೇ ಪ್ರಸ್ತುತ ಲೇಖನ.

ಇಲ್ಲಿ ಆರಿಸಿಕೊಂಡ ಪ್ರದೇಶ ಗದಗ–ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನೊಳಗೊಂಡ ನಾಡು. ಪ್ರಾಚೀನ ಕಾಲದಲ್ಲಿ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದು ಶಾಸನಗಳಲ್ಲಿ ಜೊತೆಜೊತೆಯಾಗಿ ಬರುವ ನಾಡುಗಳು ಇಲ್ಲಿಯವೇ. ಹೀಗೆ ಒಂದಾಗಿ ಬೆಳೆದ ನೆಲ ಬ್ರಿಟಿಷರ ಕಾಲದಲ್ಲಿ ತುಂಡುತುಂಡಾಗಿತ್ತು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದಾಗಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದಾಗಿತ್ತು. ಮೂಡಲಲ್ಲಿ ಕೊಪ್ಪಳ ನಿಜಾಮನ ಹೈದರಾಬಾದಿಗೂ, ಅದರಾಚೆ ಬಳ್ಳಾರಿ ಮದ್ರಾಸ ಪ್ರಾಂತಕ್ಕೂ ಸೇರಿದ್ದವು. ಗದಗಿನಿಂದ ಹೊರಟವನು ಒಂದೆರಡು ದಿನಗಳ ಪಯಣದಲ್ಲಿ ಮೂರು ನಾಲ್ಕು ಸರಕಾರಗಳ ನೆಲವನ್ನು ತುಳಿಯಬೇಕಾಗುತ್ತಿತ್ತು. ನಿಜಾಮನ ರಾಜ್ಯದಲ್ಲಿ ಅಂಚೆಯ ಚೀಟಿಯೂ ಬೇರೆಯಾಗಿತ್ತು. ಇಂಥ ನಾಡಿನಲ್ಲಿ ಸುದ್ದಿ ಹೋಗಬೇಕಾದ ದಾರಿ ಯಾರದು, ಅದು ಮುಚ್ಚಿದರೆ ಕೇಳುವವರು ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಬೇರೆಡೆಗಿಂತ ಹೆಚ್ಚು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ.

ಈ ಲೇಖನದ ಪ್ರತಿಪಾದನೆ ಇಷ್ಟೇ: ಸಂಪರ್ಕ ಕಡಿದಾಗ ಹುಟ್ಟುವ ಅಸಮಾಧಾನದ ಸ್ವರೂಪವನ್ನು ನಿರ್ಣಯಿಸುವುದು ತೊಂದರೆಯ ಪ್ರಮಾಣವೊಂದೇ ಅಲ್ಲ, ಆ ಸಂಪರ್ಕ ತಮ್ಮದೆಂದು ಜನ ಬಗೆದಿದ್ದರೋ ಇಲ್ಲವೋ ಎಂಬುದೇ ಮುಖ್ಯ. ಪರರದೆಂದು ಬಗೆದ ತಂತಿಯನ್ನು ಜನ ತಾವೇ ಕಡಿದರು. ತಮ್ಮದೆಂದು ಬಗೆದ ಮೇಲೆ ಅದು ತಾನಾಗಿ ಕಡಿದಾಗ ಉತ್ತರ ಕೇಳಿದರು. ಈ ಎರಡು ನಿಲುವುಗಳ ನಡುವಣ ದೂರವೇ ನಮ್ಮ ಆಧುನಿಕ ಸಾರ್ವಜನಿಕ ಜೀವನದ ಚರಿತ್ರೆಯ ಒಂದು ಭಾಗವೆನ್ನಬಹುದು.

೨. ಸರಕಾರದ ತಂತಿ

ಭಾರತದಲ್ಲಿ ವಿದ್ಯುತ್ ತಂತಿಯ ವ್ಯವಸ್ಥೆ ವಿಲಿಯಂ ಓಶಾನೆಸಿಯ ಮೇಲ್ವಿಚಾರಣೆಯಲ್ಲಿ ಕಲಕತ್ತೆಯ ಹತ್ತಿರ ೧೮೫೧ರಲ್ಲಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅದು ಕಲಕತ್ತೆ, ಆಗ್ರಾ, ಮುಂಬಯಿ, ಮದ್ರಾಸುಗಳನ್ನು ಕೂಡಿಸಿತು. ೧೮೫೫ರ ಫೆಬ್ರುವರಿಯಿಂದ ಸಾರ್ವಜನಿಕರೂ ಹಣ ಕೊಟ್ಟು ಅದನ್ನು ಬಳಸಬಹುದಾಯಿತು. ಹದಿನಾರು ಶಬ್ದಗಳ ಸಂದೇಶವನ್ನು ನಾನೂರು ಮೈಲಿಯವರೆಗೆ ಕಳುಹಿಸಲು ಒಂದು ರೂಪಾಯಿ. ಆ ಕಾಲದ ಕೂಲಿಕಾರನಿಗೆ ಅದು ಹಲವು ದಿನಗಳ ದುಡಿಮೆ. ಹೆಸರಿಗೆ ಸಾರ್ವಜನಿಕವಾದರೂ ತಂತಿ ವಸ್ತುತಃ ಸರಕಾರದ್ದು, ಸೈನ್ಯದ್ದು, ದೊಡ್ಡ ವ್ಯಾಪಾರಿಗಳದ್ದು ಆಗಿತ್ತು.

ಅದು ಯಾರ ಕೈಯ ಆಯುಧವೆಂಬುದು ೧೮೫೭ರಲ್ಲಿ ಎಲ್ಲರಿಗೂ ತಿಳಿಯಿತು. ಮೇ ೧೧ರಂದು ದಿಲ್ಲಿಯ ತಂತಿ ಕಚೇರಿಯಿಂದ ಹೊರಟ ಸಂದೇಶ ಪಂಜಾಬದ ಅಧಿಕಾರಿಗಳನ್ನು ಎಚ್ಚರಿಸಿತು. ಬಂಡಾಯಗಾರರಿಗೂ ಇದರ ಮರ್ಮ ತಿಳಿಯದೆ ಇರಲಿಲ್ಲ. ಉತ್ತರ ಹಿಂದುಸ್ಥಾನದಲ್ಲಿ ಅವರು ಕಂಬಗಳನ್ನು ಕಿತ್ತರು, ತಂತಿಯನ್ನು ಕಡಿದರು. ನಾಶವಾದ ತಂತಿಯ ಉದ್ದ ಇಲಾಖೆಯ ಲೆಕ್ಕದಂತೆ ೯೧೮ ಮೈಲಿ.

ಮರುವರ್ಷ ಬಂಡಾಯದ ಕಿಡಿ ನಮ್ಮ ಸೀಮೆಯನ್ನು ಮುಟ್ಟಿತು. ತುಂಗಭದ್ರೆಯ ದಂಡೆಯ ಹಮ್ಮಿಗಿಯ ಕೆಂಚನಗೌಡನೂ ಮುಂಡರಗಿಯ ಭೀಮರಾಯನೂ ೧೮೫೮ರ ಮೇ ತಿಂಗಳ ಕೊನೆಯಲ್ಲಿ ಬಂಡೆದ್ದು ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು ಕೊಪ್ಪಳದ ಕೋಟೆಯನ್ನು ಸೇರಿದರು. ಜೂನ್ ೧ರಂದು ಕೋಟೆ ಬಿದ್ದಿತು; ಅಲ್ಲಿಯೇ ಅವರು ಮಡಿದರು. ಇದರ ನಡುವೆ ಮೇ ೨೯ರ ರಾತ್ರಿ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ಜನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನನ್ನು ಕೊಂದರು. ಜೂನ್ ೨ರಂದು ನರಗುಂದ ಕಂಪನಿಯ ಸೈನ್ಯದ ವಶವಾಯಿತು. ಜೂನ್ ೧೨ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಡಂಬಳದ ಮೇಲಿನ ದಾಳಿಯಿಂದ ನರಗುಂದದ ಪತನದವರೆಗಿನ ಘಟನೆಗಳೆಲ್ಲ ಹೆಚ್ಚುಕಡಿಮೆ ಒಂದು ವಾರದ ಅವಧಿಯಲ್ಲಿ ಮುಗಿದವು. ಇಷ್ಟು ಕಡಿಮೆ ಅವಧಿಯಲ್ಲಿ ಬೇರೆಬೇರೆ ಪ್ರಾಂತಗಳ ಸೈನ್ಯ ಕೂಡಿಬರಬೇಕಾದರೆ ಸುದ್ದಿ ಬೇಗ ತಲುಪುವುದು ಅವಶ್ಯ. ಬಂಡಾಯಗಾರರ ಕಡೆಗಾದರೋ ಸುದ್ದಿ ಒಯ್ಯುವವರು ಕುದುರೆಯ ಸವಾರ, ಕಾಲ್ನಡೆಯ ಜಾಸೂದ. ಸಂಸ್ಥಾನಿಕರೊಳಗಿನ ಒಪ್ಪಂದದ ಪತ್ರಗಳು ತಲುಪುವುದರೊಳಗೆ ಒಬ್ಬೊಬ್ಬರೂ ಒಂಟಿಯಾಗಿ ಸಿಕ್ಕಿಬಿದ್ದರು. ಸೋಲಿಗೆ ಇದೊಂದೇ ಕಾರಣವೆನ್ನುವುದು ಸಲ್ಲದು; ಸೈನ್ಯಬಲ, ಸಂಘಟನೆಯ ಕೊರತೆ, ನೆರೆಯವರ ಹಿಂಜರಿಕೆ ಇವೆಲ್ಲವೂ ಸೇರಿದ್ದವು. ಆದರೂ ಸುದ್ದಿಯ ವೇಗದಲ್ಲಿದ್ದ ಅಸಮಾನತೆ ಗಮನಾರ್ಹವಾದುದು. ಆಗಿನ ಗದಗ ಸೀಮೆಯ ಒಕ್ಕಲಿಗನಿಗೆ ತಂತಿ ಒಂದು ದಿನ ನಿಂತರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಆದ್ದರಿಂದ ಸಂಪರ್ಕಭಂಗದ ಕುರಿತು ಸಾರ್ವಜನಿಕ ಅಸಮಾಧಾನವೆಂಬ ಮಾತೇ ಆ ಕಾಲಕ್ಕೆ ಅನ್ವಯಿಸದು.

೩. ಹತ್ತಿಯ ಪೇಟೆ ಮತ್ತು ತಾರು

ಈ ಸ್ಥಿತಿಯನ್ನು ಬದಲಿಸಿದ್ದು ಹತ್ತಿ. ಹತ್ತೊಂಬತ್ತನೆಯ ಶತಮಾನದ ನಡುವಣ ದಶಕಗಳಲ್ಲಿ ಅಮೇರಿಕೆಯ ಬೀಜದಿಂದ ಬೆಳೆದ ‘ಧಾರವಾಡ–ಅಮೇರಿಕನ್’ ಹತ್ತಿ ಗದಗ ಸೀಮೆಯ ಎರೆಯ ಹೊಲಗಳಲ್ಲಿ ನೆಲೆಯೂರಿತು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೇರಿಕೆಯ ಅಂತರ್ಯುದ್ಧದಿಂದ ಲ್ಯಾಂಕಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ ಇಲ್ಲಿಯ ಅರಳೆಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಯುದ್ಧ ಮುಗಿದ ಸುದ್ದಿಯೊಡನೆ ಅದೇ ಬೆಲೆ ಕುಸಿಯಿತು; ಮುಂಬಯಿಯ ಎಷ್ಟೋ ಮನೆತನಗಳು ದಿವಾಳಿಯಾದವು. ದೂರದೇಶದ ಒಂದು ಸುದ್ದಿ ಎರೆಯ ಹೊಲದ ಬೆಳೆಯ ಬೆಲೆಯನ್ನು ಏರಿಸಿ ಇಳಿಸಬಲ್ಲುದೆಂಬ ಪಾಠವನ್ನು ಈ ಸೀಮೆ ಆಗ ಕಲಿಯಿತು. ೧೮೭೦ರಲ್ಲಿ ಸುಯೆಜ್–ಏಡನ್ ಮಾರ್ಗವಾಗಿ ಸಮುದ್ರದೊಳಗಿನ ತಂತಿ ಮುಂಬಯಿಯನ್ನು ಮುಟ್ಟಿತು. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಲಿವರ್‌ಪೂಲಿನ ಪೇಟೆಯ ಧಾರಣೆ ಆ ಮೇಲೆ ಗಂಟೆಗಳಲ್ಲಿ ಬರತೊಡಗಿತು.

೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಗದಗನ್ನು ಕೂಡುದಾರಿಯನ್ನಾಗಿ ಮಾಡಿತು. ಪೂರ್ವಕ್ಕೆ ಬಳ್ಳಾರಿ, ಪಶ್ಚಿಮಕ್ಕೆ ಹುಬ್ಬಳ್ಳಿ, ಉತ್ತರಕ್ಕೆ ವಿಜಾಪುರ–ಹೊಟಗಿ ಹೀಗೆ ಮೂರು ಕಡೆಗೆ ಹಳಿಗಳು ಹೊರಟವು. ಹಳಿಯ ಪಕ್ಕದಲ್ಲಿ ತಂತಿಯ ಕಂಬಗಳೂ ನಡೆದವು. ಹತ್ತಿ ಬಿಡಿಸುವ, ಒತ್ತುವ ಕಾರಖಾನೆಗಳು, ಅಡತಿ ಅಂಗಡಿಗಳು ಎದ್ದವು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳು ರೈಲಿನ ಹಾದಿಯಿಂದ ದೂರ ಉಳಿದು, ಬಂಡಿಯ ದಾರಿಯಿಂದ ಗದಗ ಪೇಟೆಗೆ ಸೇರಿಕೊಂಡವು. ಹೀಗಾಗಿ ಬೆಲೆಯ ಸುದ್ದಿಯಲ್ಲಿಯೂ ಒಂದು ಮೆಟ್ಟಿಲ ವ್ಯವಸ್ಥೆ ಏರ್ಪಟ್ಟಿತು. ಮುಂಬಯಿಯ ದಲಾಲಿಗೆ ಮೊದಲು, ಗದಗಿನ ಅಡತಿಯವನಿಗೆ ಆ ಮೇಲೆ, ಹಳ್ಳಿಯ ರೈತನಿಗೆ ಎಲ್ಲರಿಗಿಂತ ಕೊನೆಗೆ. ತಂತಿ ಸರಿಯಾಗಿ ನಡೆದಾಗಲೂ ರೈತ ಹಿಂದುಳಿಯುತ್ತಿದ್ದ. ನಿಂತಾಗಲಂತೂ ಬಂಡಿ ಹೂಡಿಕೊಂಡು ಪೇಟೆಗೆ ಬಂದವನು ಅಡತಿಯವನು ಹೇಳಿದ ಧಾರಣೆಯನ್ನೇ ನಂಬಬೇಕಾಗುತ್ತಿತ್ತು.

ಮುಂಬಯಿ ಕರ್ನಾಟಕದಲ್ಲಿ ತಂತಿಯ ಸಂದೇಶಕ್ಕೆ ‘ತಾರು’ ಎಂಬ ಹೆಸರೇ ರೂಢಿಯಾಯಿತು. ಮೈಸೂರಿನ ಕಡೆಗೆ ‘ತಂತಿ’. ಎರಡೂ ಮಾತುಗಳ ಮೂಲಾರ್ಥ ಲೋಹದ ಎಳೆಯೆಂದೇ. ವ್ಯಾಪಾರಿಗೆ ತಾರು ನಿತ್ಯದ ಸರಕು. ಸಾಮಾನ್ಯ ಮನೆಗಾದರೋ ಅದು ಸಾವು ಕಾಯಿಲೆಗಳ ದೂತ. ಓಣಿಯಲ್ಲಿ ತಾರಿನವನು ಕಂಡರೆ ಓದಿಸುವುದಕ್ಕೆ ಮೊದಲೇ ಅಳು ಆರಂಭವಾಗುತ್ತಿತ್ತೆಂಬುದು ಹಿರಿಯರೆಲ್ಲರ ನೆನಪಿನಲ್ಲಿರುವ ಮಾತು. ಅಂಥ ತಾರು ತಡವಾಗಿ ಬಂದರೆ ಆಗುವ ಹಾನಿ ದುಡ್ಡಿನದಲ್ಲ. ಮಣ್ಣಿಗೆ ಹೋಗಲಾಗಲಿಲ್ಲ, ಕೊನೆಯ ಮುಖ ನೋಡಲಾಗಲಿಲ್ಲ ಎಂಬ ಕೊರಗಿನದು.

ಈ ಎರಡು ಬಗೆಯ ನಷ್ಟಗಳಿಗೂ ಕಾಯದೆ ಒಂದೇ ಉತ್ತರ ಕೊಟ್ಟಿತು. ೧೮೮೫ರ ಭಾರತೀಯ ತಂತಿ ಅಧಿನಿಯಮದ ಒಂಬತ್ತನೆಯ ಕಲಮಿನ ಪ್ರಕಾರ, ಸಂದೇಶವನ್ನು ಸ್ವೀಕರಿಸುವುದರಲ್ಲಿ, ಸಾಗಿಸುವುದರಲ್ಲಿ, ತಲುಪಿಸುವುದರಲ್ಲಿ ನೌಕರನು ಕರ್ತವ್ಯ ತಪ್ಪಿದ್ದರಿಂದ ಆದ ನಷ್ಟಕ್ಕೆ ಸರಕಾರ ಹೊಣೆಯಲ್ಲ. ಅದೇ ಅಧಿನಿಯಮದ ಇಪ್ಪತ್ತೈದನೆಯ ಕಲಮು ತಂತಿಗೆ ಬೇಕೆಂದೇ ಹಾನಿ ಮಾಡಿದವನಿಗೆ ಮೂರು ವರ್ಷಗಳವರೆಗಿನ ಸೆರೆಯನ್ನು ವಿಧಿಸಿತು. ಇವೆರಡನ್ನೂ ಕೂಡಿಸಿ ಓದಿದರೆ ಆ ಕಾಲದ ನ್ಯಾಯದೃಷ್ಟಿ ತಿಳಿಯುತ್ತದೆ: ಪ್ರಜೆ ತಂತಿಯನ್ನು ಕೆಡಿಸಿದರೆ ಅಪರಾಧ, ತಂತಿ ಪ್ರಜೆಯನ್ನು ಕೆಡಿಸಿದರೆ ಅದೃಷ್ಟ.

ಮೊದಲ ದೊಡ್ಡ ಪ್ರಮಾಣದ ಸಂಪರ್ಕಭಂಗ ಬಂದುದು ೧೯೦೮ರ ಏಪ್ರಿಲಿನಲ್ಲಿ. ಕೆಲಸದ ವೇಳೆಯ ಹೊಸ ಏರ್ಪಾಡನ್ನು ವಿರೋಧಿಸಿ ತಂತಿಯ ನೌಕರರು ಕಲಕತ್ತೆ, ಮುಂಬಯಿ, ಮದ್ರಾಸು, ರಂಗೂನು ಮೊದಲಾದೆಡೆಗಳಲ್ಲಿ ಕೆಲಸ ನಿಲ್ಲಿಸಿದರು. ಪೇಟೆಗಳ ವ್ಯವಹಾರ ಸ್ತಬ್ಧವಾಗತೊಡಗಿತು. ವ್ಯಾಪಾರಿಗಳ ಮಂಡಳಿಗಳು ಬೇಗ ಒಂದು ಇತ್ಯರ್ಥವಾಗಬೇಕೆಂದು ಸರಕಾರವನ್ನು ಒತ್ತಾಯಿಸಿದವು. ಸಂಪರ್ಕಭಂಗದ ವಿಷಯದಲ್ಲಿ ಸಂಘಟಿತವಾದ ಅಸಮಾಧಾನ ಇಲ್ಲಿ ಕಾಣಿಸುತ್ತದೆ. ಆದರೆ ಅದು ಇನ್ನೂ ವರ್ತಕವರ್ಗದ ಅಸಮಾಧಾನ. ಗದಗದಂಥ ಪೇಟೆಯ ಊರಿನ ಬೆಲೆಯ ಸುದ್ದಿ ಮುಂಬಯಿಯಿಂದಲೇ ಬರಬೇಕಾಗಿದ್ದುದರಿಂದ ಮುಂಬಯಿಯ ಮೌನ ಇಲ್ಲಿಯ ಮೌನವೂ ಆಗುತ್ತಿತ್ತು. ಮಂಡಳಿಯ ಮೂಲಕ ಮನವಿ ಮಾಡುವ ದಾರಿಯಾಗಲಿ ಅದನ್ನು ಕೇಳುವ ಕಿವಿಯಾಗಲಿ ಹಳ್ಳಿಯ ರೈತನಿಗೆ ಇರಲಿಲ್ಲ.

ಇದಕ್ಕೆ ಮೂರು ವರ್ಷ ಮೊದಲೇ, ೧೯೦೫ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರಿ ಸಂಘ ಸ್ಥಾಪನೆಯಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಸಾಲದ ವಿಷಯದಲ್ಲಿ ರೈತ ತನ್ನದೇ ಸಂಸ್ಥೆಯನ್ನು ಕಟ್ಟಿಕೊಳ್ಳಲು ಸಮರ್ಥನಾದ. ಸುದ್ದಿಯ ವಿಷಯದಲ್ಲಿ ಅಂಥ ಒಡೆತನ ಅವನಿಗೆ ದೊರೆಯಲು ಬಹುಕಾಲ ಬೇಕಾಯಿತು.

೪. ಜನರೇ ಕಡಿದ ತಂತಿ

೧೯೪೨ರ ಆಗಸ್ಟಿನಲ್ಲಿ ‘ಚಲೇಜಾವ್’ ಚಳುವಳಿ ಆರಂಭವಾದಾಗ ಮುಂಬಯಿ ಕರ್ನಾಟಕದ ಜಿಲ್ಲೆಗಳು ಮುಂಚೂಣಿಯಲ್ಲಿದ್ದವು. ತಂತಿ ಕಡಿಯುವುದು, ಅಂಚೆಯ ಚೀಲಗಳನ್ನು ಕಸಿಯುವುದು, ರೈಲು ನಿಲ್ದಾಣ, ಚಾವಡಿಗಳನ್ನು ಸುಡುವುದು ಇವು ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ತಿಂಗಳುಗಟ್ಟಲೆ ನಡೆದವು. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರೂ ಅವರ ಇಬ್ಬರು ಸಂಗಡಿಗರೂ ಗುಂಡಿಗೆ ಬಲಿಯಾದುದು ಈ ಹೋರಾಟದ ಪ್ರಸಿದ್ಧ ಘಟನೆ. ದೇಶದ ಮಟ್ಟದಲ್ಲಿ ನೋಡಿದರೆ ೧೯೪೩ರ ಕೊನೆಯ ಹೊತ್ತಿಗೆ ೯೪೫ ಅಂಚೆಯ ಕಚೇರಿಗಳೂ ೩೩೨ ರೈಲು ನಿಲ್ದಾಣಗಳೂ ನಾಶವಾಗಿದ್ದವು ಅಥವಾ ಬಹುವಾಗಿ ಹಾನಿಗೊಂಡಿದ್ದವೆಂದು ಸರಕಾರದ ಲೆಕ್ಕ.

ಈ ಸಂಪರ್ಕಭಂಗದಿಂದ ತೊಂದರೆಯಾದುದು ಸರಕಾರಕ್ಕೆ ಮಾತ್ರವಲ್ಲ. ತಾರಿನ ದಾರಿ ಕಾಯುವ ಅಡತಿಯವರು, ಮನಿಯಾರ್ಡರಿನ ದಾರಿ ಕಾಯುವ ಮುದುಕಿಯರು, ದೂರದಲ್ಲಿ ಸೈನ್ಯದಲ್ಲಿದ್ದ ಮಕ್ಕಳ ಕಾಗದಕ್ಕಾಗಿ ಕಾದಿದ್ದ ಮನೆಗಳು ಎಲ್ಲವೂ ತೊಂದರೆಗೊಳಗಾದವು. ಅದರ ಮೇಲೆ ಸಾಮೂಹಿಕ ದಂಡದ ಹೊರೆ. ಅದಕ್ಕೆ ಜನ ಇಟ್ಟ ಹೆಸರು ‘ಪುಂಡಗಂದಾಯ’. ಇಷ್ಟಾದರೂ ತಂತಿ ಕಡಿದವರ ಮೇಲೆ ಜನ ತಿರುಗಿಬೀಳಲಿಲ್ಲ. ಅವರಿಗೆ ಅನ್ನ ಇಕ್ಕಿದರು, ಅಡಗಲು ತಾವು ಕೊಟ್ಟರು. ತೊಂದರೆಯಷ್ಟರಿಂದಲೇ ಅಸಮಾಧಾನ ಹುಟ್ಟುವುದಾಗಿದ್ದರೆ ಹೀಗಾಗುತ್ತಿರಲಿಲ್ಲ. ತಂತಿ ತಮ್ಮ ಊರಿನ ಮೇಲೆ ಹಾದುಹೋಗುತ್ತಿದ್ದರೂ ತಮ್ಮದಲ್ಲವೆಂಬ ಭಾವನೆ ಬಲವಾಗಿದ್ದುದೇ ಇದಕ್ಕೆ ಕಾರಣ.

೫. ನೌಕರರೇ ನಿಲ್ಲಿಸಿದ ತಂತಿ

ಅಸಮಾಧಾನದ ಸ್ವರೂಪವನ್ನು ತಿಳಿಯಲು ೧೯೪೬, ೧೯೬೦ರ ಎರಡು ಮುಷ್ಕರಗಳನ್ನು ಹೋಲಿಸಿ ನೋಡುವುದು ಉಪಯುಕ್ತ.

೧೯೪೬ರ ಜುಲೈ ೧೧ರಂದು ಅಂಚೆಯವರೂ ಕೆಳದರ್ಜೆಯ ನೌಕರರೂ ದೇಶವ್ಯಾಪಿ ಮುಷ್ಕರವನ್ನು ಆರಂಭಿಸಿದರು. ತಂತಿಯ, ದೂರವಾಣಿಯ ನೌಕರರೂ ಬೇಗನೆ ಅವರ ಜೊತೆಗೂಡಿದರು. ಕಾಗದ, ತಾರು, ಮನಿಯಾರ್ಡರುಗಳು ವಾರಗಟ್ಟಲೆ ನಿಂತವು. ಆದರೆ ಜನರ ಸಹಾನುಭೂತಿ ಮುಷ್ಕರಗಾರರ ಕಡೆಗೆ ಹರಿಯಿತು. ಜುಲೈ ೨೯ರಂದು ಕಲಕತ್ತೆಯಲ್ಲಿ ಅವರ ಬೆಂಬಲಕ್ಕಾಗಿ ಸಾರ್ವತ್ರಿಕ ಮುಷ್ಕರವೇ ನಡೆಯಿತು. ಬಾಗಿಲಿಗೆ ಬರುವ ಅಂಚೆಯವನು ನಮ್ಮವನು, ಅವನಿಗೆ ಸಂಬಳ ಕೊಡುವ ಸರಕಾರ ಪರಕೀಯ ಎಂಬ ವಿಭಾಗ ಜನಮನಸ್ಸಿನಲ್ಲಿ ಸ್ಪಷ್ಟವಾಗಿತ್ತು. ಸಂಪರ್ಕದ ಒಂದು ತುದಿಯಾದರೂ ತಮ್ಮದಾಯಿತೆಂಬ ಭಾವನೆ ಇಲ್ಲಿ ಮೊಳೆತಿದೆ.

ಆಮೇಲಿನ ಹತ್ತು ವರ್ಷಗಳಲ್ಲಿ ನಾಡಿನ ನಕ್ಷೆಯೇ ಬದಲಾಯಿತು. ೧೯೪೮ರಲ್ಲಿ ಸಾಂಗಲಿ, ಮಿರಜ ಮೊದಲಾದ ದಖ್ಖಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಧಾರವಾಡ ಜಿಲ್ಲೆಗೆ ಸೇರಿದವು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಾಗ ಕೊಪ್ಪಳವೂ ಗದಗವೂ ಒಂದೇ ರಾಜ್ಯದ ನೆರೆಯೂರುಗಳಾದವು. ಸರಕಾರ ಒಂದಾಯಿತು, ಅದು ಜನರದೂ ಆಯಿತು. ಇನ್ನು ತಂತಿ ನಿಂತರೆ ದೂರುವುದು ಯಾರನ್ನು?

೧೯೬೦ರ ಜುಲೈ ೧೧ರ ನಡುರಾತ್ರಿಯಿಂದ ಕೇಂದ್ರ ಸರಕಾರದ ನೌಕರರು ಹೂಡಿದ ಮುಷ್ಕರದಲ್ಲಿ ಈ ಪ್ರಶ್ನೆ ಎದುರಾಯಿತು. ತುಟ್ಟಿಭತ್ತೆ, ಜೀವನಾವಶ್ಯಕ ವೇತನಗಳು ನೌಕರರ ಬೇಡಿಕೆಗಳಾಗಿದ್ದವು. ರೈಲು, ಅಂಚೆ, ತಂತಿಗಳು ಐದು ದಿನ ಅಸ್ತವ್ಯಸ್ತವಾದವು. ಸರಕಾರ ಸುಗ್ರೀವಾಜ್ಞೆಯ ಮೂಲಕ ಮುಷ್ಕರವನ್ನು ಕಾನೂನುಬಾಹಿರವೆಂದು ಸಾರಿತು. ಪ್ರಧಾನಿ ನೆಹರೂ ಅವರೂ ಅದನ್ನು ಖಂಡಿಸಿದರು. ೧೯೪೬ರ ಬೇಡಿಕೆಗೂ ೧೯೬೦ರ ಬೇಡಿಕೆಗೂ ಜಾತಿಯಲ್ಲಿ ಭೇದವಿರಲಿಲ್ಲ. ಆದರೆ ಈ ಸಲ ನೌಕರನೂ ನಮ್ಮವನು, ಸರಕಾರವೂ ನಮ್ಮದು. ಸಂಪರ್ಕ ಎಲ್ಲರ ಸ್ವತ್ತಾದಾಗ ಅದನ್ನು ನಿಲ್ಲಿಸುವ ಹಕ್ಕು ಯಾರಿಗಾದರೂ ಇದೆಯೇ, ಅದನ್ನು ನಡೆಯಿಸುವವರ ಹೊಟ್ಟೆಯ ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳು ಒಂದನ್ನೊಂದು ಎದುರಿಸಿ ನಿಂತವು. ಆ ಎದುರುಬದುರು ಇಂದಿಗೂ ಬಗೆಹರಿದಿಲ್ಲ.

೬. ‘ಲೈನು ಸಿಗಲಿಲ್ಲ’

ದೂರವಾಣಿಯ ಕಾಲದ ಅಸಮಾಧಾನ ಬೇರೊಂದು ಬಗೆಯದು. ತಂತಿ ಕಡಿದಾಗ ಮಾತ್ರ ತೊಂದರೆಯೆಂಬುದು ಹೋಗಿ, ತಂತಿ ಇದ್ದೂ ಇಲ್ಲದಂತಿರುವ ಸ್ಥಿತಿ ನಿತ್ಯದ್ದಾಯಿತು. ಪರಸ್ಥಳಕ್ಕೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಕಾದಿರಿಸಿ ಗಂಟೆಗಟ್ಟಲೆ ಕಾಯಬೇಕು. ಬೇಗ ಬೇಕಾದರೆ ಅರ್ಜೆಂಟ್, ಇನ್ನೂ ಬೇಗವೆಂದರೆ ಲೈಟ್ನಿಂಗ್. ದರವೂ ಅದರಂತೆ ಏರುತ್ತಿತ್ತು. ಸಿಕ್ಕ ಮೇಲೆಯೂ ಓಣಿಗೆಲ್ಲ ಕೇಳುವಂತೆ ಕೂಗಬೇಕು. ಮನೆಗೆ ದೂರವಾಣಿ ಬೇಕೆಂದು ಅರ್ಜಿ ಹಾಕಿದವರು ವರ್ಷಗಟ್ಟಲೆ ಪಾಳಿ ಕಾಯುತ್ತಿದ್ದರು. ‘ಲೈನು ಸಿಗಲಿಲ್ಲ’, ‘ಫೋನ್ ಸತ್ತಿದೆ’ ಎಂಬ ಮಾತುಗಳು ಆ ತಲೆಮಾರಿನ ನಿತ್ಯೋಕ್ತಿಗಳು. ಇಲ್ಲಿ ಅಸಮಾಧಾನ ಒಮ್ಮೆಲೇ ಸ್ಫೋಟಿಸದೆ ಬೇಸರವಾಗಿ ಬದಲಾಯಿತು, ಬೇಸರ ರೂಢಿಯಾಯಿತು.

ಈ ರೂಢಿಯನ್ನು ಮುರಿದ ಕಾರ್ಯ ನಮ್ಮ ಸೀಮೆಗೆ ಸಮೀಪದಲ್ಲಿಯೇ ನಡೆಯಿತೆಂಬುದು ಹೆಮ್ಮೆಯ ಸಂಗತಿ. ೧೯೮೪ರಲ್ಲಿ ಸ್ಥಾಪಿತವಾದ ಸಿ–ಡಾಟ್ ಸಂಸ್ಥೆ ಗ್ರಾಮಗಳಿಗೆಂದು ರೂಪಿಸಿದ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರ ಮೊಟ್ಟಮೊದಲು ಕೆಲಸಕ್ಕೆ ತೊಡಗಿದ್ದು ೧೯೮೬ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ವಿದೇಶದ ಯಂತ್ರಗಳಿಗೆ ತಂಪುಗೊಳಿಸಿದ ಕೋಣೆ ಬೇಕಾಗುತ್ತಿತ್ತು. ನಮ್ಮ ಹಳ್ಳಿಯ ಬಿಸಿಲು, ಧೂಳು, ಅನಿಶ್ಚಿತವಾದ ವಿದ್ಯುತ್ತು ಇವನ್ನು ತಾಳಿಕೊಳ್ಳುವಂತೆ ಈ ಯಂತ್ರವನ್ನು ರಚಿಸಲಾಗಿತ್ತು. ಭಂಗದ ಕಾರಣಗಳನ್ನು ಮೊದಲೇ ಎಣಿಸಿ ಅದಕ್ಕೆ ತಕ್ಕಂತೆ ಯಂತ್ರ ಕಟ್ಟಿದ್ದು ಇದರ ವಿಶೇಷ. ಹಳ್ಳಿಯವನ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ತಂತ್ರವಿದ್ಯೆ ಎಂಬ ಮಾತಿಗೆ ಇದು ಒಳ್ಳೆಯ ನಿದರ್ಶನ. ಅದರ ಬೆನ್ನಲ್ಲೇ ಬಂದ ಹಳದಿ ಬಣ್ಣದ ಎಸ್.ಟಿ.ಡಿ. ಅಂಗಡಿಗಳು ದೂರವಾಣಿಯನ್ನು ಮನೆಯಲ್ಲಿ ಹೊಂದಿಲ್ಲದವನಿಗೂ ತಲುಪಿಸಿದವು.

೭. ಜಾಲವಿಲ್ಲದ ದಿನ

ಮುಂದಿನ ಬದಲಾವಣೆಗಳು ವೇಗವಾಗಿ ಬಂದವು. ೧೯೯೫ರಲ್ಲಿ ದೇಶದಲ್ಲಿ ಮೊಬೈಲ್ ಆರಂಭವಾಯಿತು. ೧೯೯೭ರಲ್ಲಿ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹುಟ್ಟಿತು. ಅದೇ ವರ್ಷ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ೨೦೦೦ದ ಅಕ್ಟೋಬರ್ ೧ರಂದು ಬಿ.ಎಸ್.ಎನ್.ಎಲ್. ನಿಗಮ ರೂಪುಗೊಂಡಿತು. ೨೦೧೩ರ ಜುಲೈಯಲ್ಲಿ, ಸುಮಾರು ನೂರಾ ಅರವತ್ತು ವರ್ಷ ನಡೆದ ತಾರಿನ ಸೇವೆ ಮುಗಿಯಿತು. ಕೊನೆಯ ದಿನ ನಗರಗಳ ತಂತಿ ಕಚೇರಿಗಳಲ್ಲಿ ನೆನಪಿಗಾಗಿ ತಾರು ಕಳುಹಿಸುವವರ ಸಾಲು ನಿಂತಿತ್ತು. ಸರಕಾರದ ತಂತಿಯಾಗಿ ಬಂದದ್ದು ಜನರ ತಾರಾಗಿ ಹೋಯಿತು.

ಈಗ ಸಂಪರ್ಕವೆಂದರೆ ಮಾತು ಮಾತ್ರವಲ್ಲ. ಚಹದಂಗಡಿಯ ಹತ್ತು ರೂಪಾಯಿಯ ಲೆಕ್ಕ, ಬ್ಯಾಂಕಿನ ಹಣ, ನ್ಯಾಯಬೆಲೆಯ ಅಂಗಡಿಯಲ್ಲಿ ಹೆಬ್ಬೆಟ್ಟಿನ ಗುರುತು, ಪಹಣಿಯ ಉತಾರ, ಮಾರುಕಟ್ಟೆಯ ಧಾರಣೆ ಎಲ್ಲವೂ ಅದೇ ಜಾಲದ ಮೇಲೆ ನಿಂತಿವೆ. ರಸ್ತೆಯ ಕೆಲಸಕ್ಕೆ ನೆಲ ಅಗೆಯುವ ಯಂತ್ರವು ಗಾಜಿನೆಳೆಯ ಕೇಬಲನ್ನು ಹರಿದರೆ, ವಿದ್ಯುತ್ತು ಹೋಗಿ ಗೋಪುರದ ಬ್ಯಾಟರಿ ಬರಿದಾದರೆ, ದೂರದ ಯಾವುದೋ ಕೇಂದ್ರದಲ್ಲಿ ದೋಷವುಂಟಾದರೆ ಇವೆಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಅಕ್ಕಿಯ ಚೀಲ ಕಣ್ಣೆದುರಿಗಿದ್ದರೂ ಹೆಬ್ಬೆಟ್ಟು ಹೋಗದ್ದರಿಂದ ಬರಿಗೈಯಿಂದ ಹಿಂದಿರುಗುವ ಸ್ಥಿತಿ ಹಿಂದಿನ ಯಾವ ಸಂಪರ್ಕಭಂಗದಲ್ಲಿಯೂ ಇರಲಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವನಿಗೆ ಮತ್ತೊಂದು ದಿನದ ಕೂಲಿಯೂ ಹೋಗುತ್ತದೆ.

ಇದರೊಡನೆ ಹೊಣೆಗಾರಿಕೆಯ ಪ್ರಶ್ನೆಯೂ ಬೆಳೆಯಿತು. ೧೮೮೫ರ ಅಧಿನಿಯಮಕ್ಕೆ ಆಮೇಲೆ ಸೇರಿಸಿದ ಮಧ್ಯಸ್ಥಿಕೆಯ ಕಲಮಿನ ಆಧಾರದಿಂದ, ದೂರವಾಣಿಯ ತಕರಾರುಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ೨೦೦೯ರಲ್ಲಿ ತೀರ್ಪಿತ್ತಿತು; ೨೦೨೨ರಲ್ಲಿ ಅದೇ ನ್ಯಾಯಾಲಯ ಗ್ರಾಹಕನಿಗೆ ಆ ಬಾಗಿಲು ತೆರೆದಿದೆಯೆಂದು ಹೇಳಿತು. ೧೮೮೫ರ ಕಾಯದೆಯ ಸ್ಥಾನಕ್ಕೆ ೨೦೨೩ರಲ್ಲಿ ಹೊಸ ದೂರಸಂಪರ್ಕ ಅಧಿನಿಯಮ ಅಂಗೀಕೃತವಾಗಿ, ೨೦೨೪ರ ಜೂನ್ ತಿಂಗಳಿಂದ ಹಂತಹಂತವಾಗಿ ಜಾರಿಗೆ ಬರತೊಡಗಿತು. ಟ್ರಾಯ್ ೨೦೨೪ರಲ್ಲಿ ಹೊರಡಿಸಿದ ಗುಣಮಟ್ಟದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಒಂದು ಜಿಲ್ಲೆಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಸೇವೆ ನಿಂತರೆ ಅದನ್ನು ದೊಡ್ಡ ಭಂಗವೆಂದು ಎಣಿಸಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಇಪ್ಪತ್ತನಾಲ್ಕು ಗಂಟೆ ಮೀರಿದರೆ ತಿಂಗಳ ಬಾಡಿಗೆಯವರಿಗೆ ಆ ದಿನಗಳ ಹಣವನ್ನು ಕಳೆಯಬೇಕು, ಮುಂಗಡ ಹಣದವರಿಗೆ ಅವಧಿಯನ್ನು ವಿಸ್ತರಿಸಬೇಕು. ನೈಸರ್ಗಿಕ ವಿಪತ್ತಿನ ಭಂಗಕ್ಕೆ ಮಾತ್ರ ಇದು ಅನ್ವಯಿಸದು. ನೌಕರನು ತಪ್ಪಿದರೂ ಹೊಣೆಯಿಲ್ಲವೆಂಬ ೧೮೮೫ರ ಮಾತಿನಿಂದ, ನಿಂತ ದಿನಕ್ಕೆ ಪರಿಹಾರವೆಂಬ ೨೦೨೪ರ ಮಾತಿನವರೆಗೆ ಬಂದ ದಾರಿ ಅಲ್ಪವಲ್ಲ.

ಆದರೂ ಇಲ್ಲಿ ಒಂದು ಕೊರತೆಯನ್ನು ಎತ್ತಿ ತೋರಿಸಬೇಕಾಗಿದೆ. ನಿಯಮದ ಅಳತೆಗೋಲು ಜಿಲ್ಲೆ. ಗದಗ ಜಿಲ್ಲೆಯಲ್ಲಿ ಏಳು ತಾಲೂಕುಗಳಿವೆ. ಮುಂಡರಗಿಯ ಮೂಡಲ ಅಂಚಿನ, ತುಂಗಭದ್ರೆಯ ದಂಡೆಯ ಹಳ್ಳಿಗಳಲ್ಲಿಯೋ ಶಿರಹಟ್ಟಿಯ ಗುಡ್ಡದ ಸೆರಗಿನ ಊರುಗಳಲ್ಲಿಯೋ ಎರಡು ದಿನ ಜಾಲ ನಿಂತರೆ, ಜಿಲ್ಲೆಯ ಉಳಿದ ಭಾಗ ನಡೆಯುತ್ತಿರುವವರೆಗೆ ಅದು ದೊಡ್ಡ ಭಂಗವೆಂಬ ಲೆಕ್ಕಕ್ಕೆ ಬರುವುದಿಲ್ಲ. ೨೦೨೫ರ ಆಗಸ್ಟ್ ೨೪ರಂದು ಬೆಂಗಳೂರು ಮೊದಲಾದ ನಗರಗಳಲ್ಲಿ ಏರ್‌ಟೆಲ್ ಜಾಲ ತೊಡಕಿಗೊಳಗಾದಾಗ ಸಾವಿರಾರು ಜನರ ದೂರು ಕೆಲವೇ ನಿಮಿಷಗಳಲ್ಲಿ ದೇಶದ ಸುದ್ದಿಯಾಯಿತು. ಹಳ್ಳಿಯ ಮೌನಕ್ಕೆ ಅಂಥ ಸಾಕ್ಷಿಯಿಲ್ಲ. ದೂರು ಕೊಡಲು ಬೇಕಾದ ಸಾಧನವೇ ನಿಂತಿರುತ್ತದೆ; ಬೇರೆ ಊರಿಗೆ ಹೋಗಿ ದೂರು ಕೊಡಲು ಬಿಡುವು ಇರುವುದಿಲ್ಲ. ಹಿಂದೆ ಹತ್ತಿಯ ಧಾರಣೆಯ ವಿಷಯದಲ್ಲಿ ಕಂಡ ಮೆಟ್ಟಿಲ ವ್ಯವಸ್ಥೆಯೇ ಇಲ್ಲಿ ದೂರಿನ ವಿಷಯದಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ.

ನಷ್ಟದ ಅಳತೆಯೂ ವಿಚಾರಣೀಯ. ಮುಂಗಡ ಹಣದವನಿಗೆ ದೊರೆಯುವುದು ಒಂದು ದಿನದ ಹೆಚ್ಚಿನ ಅವಧಿ. ಅವನು ಕಳೆದುಕೊಂಡದ್ದಾದರೋ ಒಂದು ದಿನದ ಕೂಲಿ, ಆಸ್ಪತ್ರೆಗೆ ಹೋಗಬೇಕಾದ ವಾಹನದ ಕರೆ, ಅಥವಾ ಪೇಟೆಯ ಆ ದಿನದ ಬೆಲೆ. ಸೇವೆಯ ಬೆಲೆಯನ್ನು ಹಿಂದಿರುಗಿಸುವುದು ಬೇರೆ, ನಷ್ಟವನ್ನು ತುಂಬಿಕೊಡುವುದು ಬೇರೆ. ಕಾಯದೆ ಇನ್ನೂ ಮೊದಲನೆಯದರಲ್ಲಿಯೇ ನಿಂತಿದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಸಂಪರ್ಕಭಂಗದ ಬಗೆಗಿನ ಅಸಮಾಧಾನ ಅಸಹನೆಯ ಲಕ್ಷಣವೆಂದು ತಳ್ಳಿಹಾಕತಕ್ಕದ್ದಲ್ಲ; ಸಂಪರ್ಕ ತನ್ನದೆಂದು ಪ್ರಜೆ ಅಂಗೀಕರಿಸಿದ್ದರ ಗುರುತು ಅದು. ೧೯೪೨ರಲ್ಲಿ ತಂತಿ ಕಡಿದಾಗ ಈ ಸೀಮೆಯ ಜನ ಸುಮ್ಮನಿದ್ದುದೂ, ಇಂದು ಜಾಲ ನಿಂತಾಗ ಸುಮ್ಮನಿರದಿರುವುದೂ ಒಂದೇ ತತ್ತ್ವದಿಂದ ಅರ್ಥವಾಗುತ್ತವೆ. ಎರಡನೆಯದಾಗಿ, ಯಾರ ದೂರು ಕೇಳಿಸುತ್ತದೆಂಬುದು ಯಾವ ಕಾಲದಲ್ಲಿಯೂ ಸಮನಾಗಿರಲಿಲ್ಲ. ೧೯೦೮ರಲ್ಲಿ ವರ್ತಕರ ಮಂಡಳಿಗೆ ಇದ್ದ ಧ್ವನಿ ರೈತನಿಗಿರಲಿಲ್ಲ. ಇಂದು ನಗರಕ್ಕೆ ಇರುವ ಧ್ವನಿ ಹಳ್ಳಿಗಿಲ್ಲ. ಮೂರನೆಯದಾಗಿ, ಲೆಕ್ಕಕ್ಕೆ ಬಾರದ ಭಂಗಕ್ಕೆ ಪರಿಹಾರವೂ ಇಲ್ಲ, ಇತಿಹಾಸವೂ ಇಲ್ಲ.

ಆದ್ದರಿಂದ ಭಂಗದ ಅಳತೆಗೋಲು ಜಿಲ್ಲೆಯಿಂದ ತಾಲೂಕಿಗೆ, ತಾಲೂಕಿನಿಂದ ಗ್ರಾಮ ಪಂಚಾಯತಿಗೆ ಇಳಿಯುವುದು ನ್ಯಾಯವಾಗಿ ತೋರುತ್ತದೆ. ಗ್ರಾಮ ಪಂಚಾಯತಿಗಳು ಮಳೆಯ ಪ್ರಮಾಣವನ್ನು ಬರೆದಿಡುವಂತೆ ಜಾಲ ನಿಂತ ದಿನ, ವೇಳೆ, ಅದರಿಂದ ನಿಂತ ಕೆಲಸ ಇವನ್ನೂ ಒಂದು ವಹಿಯಲ್ಲಿ ಬರೆದಿಡಬಹುದು. ಕಾಗದ, ಲೇಖನಿಗಳಿಗೆ ಜಾಲದ ಹಂಗಿಲ್ಲ. ಸಂಶೋಧಕರಾದ ನಮ್ಮ ಕರ್ತವ್ಯವೂ ಇದರಲ್ಲಿದೆ. ಅಂಚೆಯ ಕಚೇರಿಗಳ ಹಳೆಯ ವಹಿಗಳು, ಅಡತಿ ಅಂಗಡಿಗಳ ತಾರಿನ ಕಟ್ಟುಗಳು, ಪತ್ರಿಕೆಗಳಿಗೆ ಓದುಗರು ಬರೆದ ದೂರಿನ ಪತ್ರಗಳು, ನಿವೃತ್ತರಾದ ತಂತಿ ನೌಕರರ ನೆನಪುಗಳು ಇವೆಲ್ಲ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಚದುರಿ ಬಿದ್ದಿರುವ ಸಾಮಗ್ರಿ. ತಾರಿನ ಕಟ್ಟುಗಳನ್ನು ಗೆದ್ದಲು ತಿನ್ನುವುದಕ್ಕೆ ಮುಂಚೆ, ಆ ನೌಕರರ ತಲೆಮಾರು ಕಳೆಯುವುದಕ್ಕೆ ಮುಂಚೆ ಇವನ್ನು ಸಂಗ್ರಹಿಸುವ ಕಾರ್ಯವನ್ನು ವಿಭಾಗಗಳೂ ವಿದ್ಯಾರ್ಥಿಗಳೂ ಕೈಕೊಳ್ಳಬೇಕಾಗಿದೆ.